ಗ್ರೇಡ್ ಎಂಟು ಆದ ಮೇಲೆ ಏನು?

(ಬೆಳಗಾವಿಯ ಟಿಳಕವಾಡಿಯಲ್ಲಿ ಪಾಲಕರು ಮತ್ತು ಸಂಗೀತ ಕಲಿಯುವ ಮಕ್ಕಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಸ್ವಲ್ಪ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಹೀಗೆ ಹೊಡೀತಾ ಇದೆ, ಆದರೂ ಬಂದಿದ್ದೀರಿ. ಬೆಳಗಾವಿಯವರಿಗೆ ಮಳೆ ಒಂದು ನೆಪವೇ ಅಲ್ಲ ಬಿಡಿ.

ಈ ಉಪನ್ಯಾಸಕ್ಕೆ ಕಾರಣ ಒಬ್ಬ ತಾಯಿ. ಅವರ ಮಗಳು ನನ್ನ ಹತ್ತಿರ ಪಿಯಾನೋ ಕಲಿಯುತ್ತಾಳೆ. ಅವರೂ ಇಲ್ಲೇ ಕೂತಿದ್ದಾರೆ, ಕೇಳಿಯೇ ಹೇಳುತ್ತಿದ್ದೇನೆ. ಮಗಳು ಗ್ರೇಡ್ ಐದು ಪಾಸಾದ ದಿನ ಕುಂದಾ ಡಬ್ಬಿ ಹಿಡಿದುಕೊಂಡು ಬಂದರು. “ಸರ್, ಇನ್ನ ಮೂರು ಗ್ರೇಡ್ ಉಳಿದಾವ. ಎಂಟು ಮುಗದ ಮ್ಯಾಲೆ ದೊಡ್ಡ ದೊಡ್ಡ ಪ್ರೋಗ್ರಾಂ ಸಿಗತಾವಲ್ರಿ?” ಎಂದರು. ಬಾಯಲ್ಲಿ ಕುಂದಾ ಇತ್ತು, ಹಾಗಾಗಿ ಸುಮ್ನೆ ತಲೆ ಆಡಿಸಿದೆ. ಹೌದು ಅಂತಲೋ ಇಲ್ಲ ಅಂತಲೋ ಅವರಿಗೂ ತಿಳಿಯಲಿಲ್ಲ. ಇವತ್ತು ಸರಿಯಾಗಿ ಉತ್ತರ ಕೊಡೋಣ ಅಂತ ಬಂದಿದ್ದೇನೆ.

ಮೊದಲು ಈ ಗ್ರೇಡ್ ಅಂದರೆ ಏನು ನೋಡೋಣ. ಲಂಡನ್ನಿನ ಸಂಗೀತ ಪರೀಕ್ಷಾ ಮಂಡಳಿಗಳು ನಡೆಸುವ ಪರೀಕ್ಷೆ ಇದು. ಅವುಗಳಲ್ಲಿ ಒಂದು 1889ರಿಂದಲೂ ಇದೆ. ಒಂದರಿಂದ ಎಂಟರವರೆಗೆ ಮೆಟ್ಟಿಲು. ಕೆಲವು ಕೃತಿ ನುಡಿಸಬೇಕು, ಸ್ಕೇಲ್ ನುಡಿಸಬೇಕು, ಹಿಂದೆ ಎಂದೂ ನೋಡಿರದ ಹಾಳೆಯನ್ನು ಓದಿ ನುಡಿಸಬೇಕು, ಕೇಳಿದ ಸ್ವರ ಗುರುತಿಸಬೇಕು. ಒಳ್ಳೆಯ ಪರೀಕ್ಷೆ. ನಾನು ಅದರಿಂದಲೇ ಹೊಟ್ಟೆ ಹೊರೆಯುತ್ತೇನೆ, ಅದನ್ನು ಬಯ್ಯುವುದಿಲ್ಲ. ಆದರೆ ದೊಡ್ಡ ವೇದಿಕೆಗೆ ಹೋಗುವ ಮಕ್ಕಳು ಎಂಟನೇ ಗ್ರೇಡಿನ ಮಟ್ಟವನ್ನು ಹತ್ತು ಹನ್ನೆರಡು ವರ್ಷಕ್ಕೇ ದಾಟಿ ಹೋಗಿರುತ್ತಾರೆ. ನಮಗೆ ಅದು ಘಟಿಕೋತ್ಸವ. ಅವರಿಗೆ ಅದು ಕನ್ನಡ ಶಾಲೆಯ ಎರಡನೇ ಇಯತ್ತೆ.

ನನ್ನದೇ ಕಥೆ ಸ್ವಲ್ಪ ಹೇಳುತ್ತೇನೆ. ನಾನು ಪೇಟಿಯವನು. ಎಂಟನೇ ವಯಸ್ಸಿಗೆ ಓಣಿಯ ಭಜನೆಯಲ್ಲಿ ಹಾರ್ಮೋನಿಯಂ ಮುಂದೆ ಕೂತವನು ಹತ್ತೊಂಬತ್ತರವರೆಗೆ ಬೇರೆ ವಾದ್ಯ ಮುಟ್ಟಿರಲಿಲ್ಲ. ಹತ್ತೊಂಬತ್ತಕ್ಕೆ ಕ್ಯಾಂಪಿನ ಕಡೆಯ ಒಂದು ಶಾಲೆಯ ಗ್ಯಾದರಿಂಗ್‌ಗೆ ಪೇಟಿ ನುಡಿಸಲು ಹೋದೆ. ಸಭಾಂಗಣದ ಮೂಲೆಯಲ್ಲಿ ಒಂದು ಹಳೇ ಪಿಯಾನೋ ಇತ್ತು. ಗೋಡೆಗೆ ಒರಗಿ ನಿಲ್ಲುವಂಥದ್ದು. ಅದರ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ. ಮುಚ್ಚಳ ತೆಗೆದು ಒಂದು ಮನೆ ಒತ್ತಿದೆ. (ನಮ್ಮಲ್ಲಿ ಕೀಲಿಗೆ ಮನೆ ಅಂತೀವಿ.) ಒತ್ತಿದ ಮನೆ ಕೆಳಗೇ ಉಳಿಯಿತು, ಮೇಲೆ ಬರಲೇ ಇಲ್ಲ. ಬೆಳಗಾವಿಯ ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಬಾಗಿಲು ಹೇಗೆ ಕಚ್ಚಿಕೊಳ್ಳುತ್ತದೋ ಹಾಗೆ ಮನೆಗಳೂ ಕಚ್ಚಿಕೊಳ್ಳುತ್ತವೆ.

ಆ ಶಾಲೆಯವರು ದೊಡ್ಡ ಮನಸ್ಸಿನವರು. ಬೆಳಿಗ್ಗೆ ಪ್ರಾರ್ಥನೆಗೆ ಪೇಟಿ ನುಡಿಸಿದರೆ ಸಂಜೆ ಒಂದು ತಾಸು ಪಿಯಾನೋ ಮುಟ್ಟಲು ಬಿಟ್ಟರು. ವರ್ಷಕ್ಕೊಮ್ಮೆ ಗೋವಾದಿಂದ ಶ್ರುತಿ ಮಾಡುವವರೊಬ್ಬರು ಬರುತ್ತಿದ್ದರು. ಅವರು ಪಿಯಾನೋದ ಕೆಳಗಿನ ಹಲಗೆ ಬಿಚ್ಚಿ, ಒಳಗೆ ಒಂದು ಸಣ್ಣ ಬಲ್ಬ್ ಕಟ್ಟಿ ಕೊಟ್ಟರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ರಾತ್ರಿ ಹಗಲು ಉರಿಯಬೇಕು, ಆ ಕಾವಿಗೆ ಒಳಗೆ ತೇವ ನಿಲ್ಲುವುದಿಲ್ಲ. ಕೋಳಿಮರಿಗೆ ಕಾವು ಕೊಟ್ಟ ಹಾಗೆ. ನನಗೆ ಆ ಪಿಯಾನೋ ನೆನಪಾದರೆ ಮೊದಲು ಕಣ್ಣಿಗೆ ಬರುವುದು ಹಲಗೆ ಸಂದಿನಿಂದ ಬರುತ್ತಿದ್ದ ಆ ಹಳದಿ ಬೆಳಕು.

ಒಂದು ದಿನ ನಾನು ನುಡಿಸುತ್ತಿದ್ದಾಗ ಅವರು ಪಕ್ಕ ನಿಂತು ನೋಡಿದರು. ನಂತರ ಹಿಂದಿ ಕೊಂಕಣಿ ಬೆರೆಸಿ ಹೇಳಿದರು: ನೀನು ಬೆರಳನ್ನು ಇಷ್ಟು ಗಟ್ಟಿಯಾಗಿ ಒತ್ತಿ ಹಿಡಿದಿದ್ದೀಯಲ್ಲ, ಅಲ್ಲಿ ಈಗ ಏನೂ ಇಲ್ಲ. ಸ್ವರ ಆಗಲೇ ಹೊರಟುಹೋಗಿದೆ.

ಇದು ನನಗೆ ಸಿಕ್ಕ ಮೊದಲ ಪಿಯಾನೋ ಪಾಠ. ಪೇಟಿಯಲ್ಲಿ ತಿದಿಯ ಗಾಳಿ ಇರುವವರೆಗೆ ಸ್ವರ ನಿಲ್ಲುತ್ತದೆ. ಬೆರಳು ಮೆಲ್ಲಗೆ ಒತ್ತಿದರೂ ಗುದ್ದಿದರೂ ಸದ್ದು ಅಷ್ಟೇ. ಜೋರು, ಮೆಲು ಎಲ್ಲಾ ತಿದಿಯ ಕೈಯಲ್ಲಿ. ಪಿಯಾನೋದಲ್ಲಿ ಮನೆ ಒತ್ತಿದರೆ ಫೆಲ್ಟ್ ಸುತ್ತಿದ ಒಂದು ಸುತ್ತಿಗೆ ತಂತಿಗೆ ಬಡಿದು, ಕೂಡಲೇ ಹಿಂದೆ ಬೀಳುತ್ತದೆ. ಆಮೇಲೆ ನೀವು ಏನು ಮಾಡಿದರೂ ಆ ಸ್ವರವನ್ನು ಬೆಳೆಸಲು ಆಗುವುದಿಲ್ಲ. ಹುಟ್ಟಿದ ಕ್ಷಣದಿಂದ ಅದು ಸಾಯುತ್ತಾ ಹೋಗುತ್ತದೆ. ಸಾಯುತ್ತಿರುವ ಒಂದು ಸ್ವರದ ತುದಿಗೆ ಇನ್ನೊಂದನ್ನು ಎಷ್ಟು ತೂಕದಲ್ಲಿ ಇಟ್ಟರೆ ಕೇಳುವವರಿಗೆ ಹಾಡಿದ ಹಾಗೆ ಅನಿಸುತ್ತದೆ? ಪಿಯಾನೋ ಕಲಿಯುವವರು ಜೀವಮಾನವೆಲ್ಲ ಕಲಿಯುವುದು ಇದನ್ನೇ. ಸುಮಾರು 1700ರ ಹೊತ್ತಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಕ್ರಿಸ್ಟೊಫೊರಿ ಈ ಸುತ್ತಿಗೆಯ ಉಪಾಯ ಕಂಡುಹಿಡಿದರು. ಈಗಿನ ಪಿಯಾನೋದಲ್ಲಿ 88 ಮನೆ, ಸುಮಾರು 230 ತಂತಿ. ಎಲ್ಲಾ ತಂತಿಗಳ ಎಳೆತ ಕೂಡಿಸಿದರೆ ಹದಿನೆಂಟು ಇಪ್ಪತ್ತು ಟನ್ ಆಗುತ್ತದೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರಾಲಿಯ ತೂಕವನ್ನು ಒಂದು ಪೆಟ್ಟಿಗೆ ಒಳಗೇ ಹಿಡಿದುಕೊಂಡು ನಿಂತಿರುತ್ತದೆ.

ಇನ್ನೊಂದು ತೊಂದರೆ ನನ್ನ ಎಡಗೈ. ಹನ್ನೊಂದು ವರ್ಷ ಅದು ತಿದಿ ಒತ್ತಿತ್ತು, ಅಷ್ಟೇ. ಬಲಗೈ ಪದವೀಧರ, ಎಡಗೈ ಹಮಾಲ. ಪಿಯಾನೋದಲ್ಲಿ ಎರಡೂ ಕೈಗೆ ಸಮ ಕೆಲಸ. ಕೆಲವೊಮ್ಮೆ ಎಡಗೈಗೇ ಜಾಸ್ತಿ. ಮೂವತ್ತೈದು ವರ್ಷ ಕಳೆದರೂ ನನ್ನ ಎಡಗೈಯ ಉಂಗುರ ಬೆರಳು ಅರ್ಧ ಕ್ಷಣ ಯೋಚಿಸಿಯೇ ಕೆಳಗೆ ಇಳಿಯುತ್ತದೆ. ಹತ್ತೊಂಬತ್ತಕ್ಕೆ ಶುರು ಮಾಡಿದವನಿಗೆ ಆಸ್ತಿಯಾಗಿ ಸಿಕ್ಕಿದ್ದು ಆ ಅರ್ಧ ಕ್ಷಣ.

ಹಾಗಾದರೆ ಯಾವಾಗ ಶುರು ಮಾಡಬೇಕು? ಕ್ಲಾರಾ ವೀಕ್ ಎಂಬ ಹುಡುಗಿ 1828ರಲ್ಲಿ, ಒಂಬತ್ತನೇ ವಯಸ್ಸಿಗೆ, ಲೈಪ್ಜಿಗ್‌ನ ದೊಡ್ಡ ಸಭಾಂಗಣದಲ್ಲಿ ನುಡಿಸಿದಳು. ಅಪ್ಪನೇ ಗುರು. ದಿನಕ್ಕೆ ಒಂದು ತಾಸು ಪಾಠ, ಎರಡು ತಾಸು ಅಭ್ಯಾಸ, ಜೊತೆಗೆ ಉದ್ದನೆಯ ನಡಿಗೆ. ನಡಿಗೆಯ ಮಾತನ್ನು ನಾನು ಬೇಕಂತಲೇ ಹೇಳುತ್ತಿದ್ದೇನೆ, ನಮ್ಮ ಪಾಲಕರು ಅದನ್ನು ಬಿಟ್ಟು ಉಳಿದದ್ದು ಮಾತ್ರ ಬರೆದುಕೊಳ್ಳುತ್ತಾರೆ! ಮುಂದೆ ಅವರು ಸಂಗೀತ ರಚನೆಕಾರ ರಾಬರ್ಟ್ ಶುಮನ್‌ರನ್ನು ಮದುವೆಯಾದರು. ಎಂಟು ಮಕ್ಕಳು. ಗಂಡ 1856ರಲ್ಲಿ ತೀರಿಕೊಂಡ ಮೇಲೆ ಊರೂರು ತಿರುಗಿ ಕಛೇರಿ ಮಾಡಿ ಸಂಸಾರ ನಡೆಸಿದರು. ಕೊನೆಯ ಕಛೇರಿ 1891ರಲ್ಲಿ. ಅರವತ್ತು ವರ್ಷಕ್ಕೂ ಮೀರಿದ ವೃತ್ತಿ.

ನಮ್ಮ ಕಾಲದ ಪಿಯಾನೋ ವಾದಕ ಲಾಂಗ್ ಲಾಂಗ್ ಗೊತ್ತಿರಬಹುದು. 1982ರಲ್ಲಿ ಚೀನಾದ ಶೆನ್ಯಾಂಗ್‌ನಲ್ಲಿ ಹುಟ್ಟಿದವರು. ಮೂರನೇ ವಯಸ್ಸಿಗೆ ಪಾಠ ಶುರು. ಮಗನನ್ನು ಬೀಜಿಂಗ್‌ನಲ್ಲಿ ಕಲಿಸಲು ಅಪ್ಪ ಕೆಲಸ ಬಿಟ್ಟರು. ದುಡ್ಡು ಕಳಿಸಲು ತಾಯಿ ಊರಲ್ಲೇ ಉಳಿದರು. ಬೀಜಿಂಗ್‌ನ ಗುರು ಈ ಹುಡುಗ ಆಗಲ್ಲ ಅಂತ ಬಿಟ್ಟುಬಿಟ್ಟಾಗ ಅಪ್ಪ ಸಿಟ್ಟಿನಲ್ಲಿ ಮಗನಿಗೆ ಸಾಯಲು ಹೇಳಿದರಂತೆ. ಇದನ್ನು ಲಾಂಗ್ ಲಾಂಗ್ ತಾವೇ ಬರೆದುಕೊಂಡಿದ್ದಾರೆ. ಆಗ ಹುಡುಗನಿಗೆ ಒಂಬತ್ತೋ ಹತ್ತೋ. ಅವರು ಗೆದ್ದರು, ಹಾಗಾಗಿ ಇದು ಸ್ಫೂರ್ತಿಯ ಕಥೆ ಅಂತ ಹೇಳುವವರು ಇದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಅದೇ ರೀತಿ ಕೆಲಸ ಬಿಟ್ಟ ಬೇರೆ ಅಪ್ಪಂದಿರ ಮಕ್ಕಳು ಏನಾದರು, ನಮಗೆ ಯಾರು ಹೇಳುತ್ತಾರೆ?

ನನ್ನ ತಕರಾರು ಇಲ್ಲೇ ಇದೆ. ಈ ವೃತ್ತಿಯ ಜೂಜು ಮಗುವಿಗೆ ಆರು ವರ್ಷ ಇರುವಾಗ ಆಡಬೇಕು. ಆಡುವವರು ಅಪ್ಪ ಅಮ್ಮ. ಪಣಕ್ಕೆ ಇಡುವುದು ಮಗುವಿನ ಹತ್ತು ಹದಿನೈದು ವರ್ಷ.

ನಮ್ಮ ಗಾಯಕರ ದಾರಿ ಬೇರೆ. ಭೀಮಸೇನ ಜೋಶಿಯವರು ಹನ್ನೊಂದಕ್ಕೆ ಮನೆ ಬಿಟ್ಟು ಓಡಿಹೋದರು. ಓಡಿಹೋದದ್ದು ತಮ್ಮ ಕಾಲಿನ ಮೇಲೆ. ಗುರುವನ್ನು ಹುಡುಕಿಕೊಂಡು ಊರೂರು ಅಲೆದು, ಕೊನೆಗೆ ಸಿಕ್ಕಿದ್ದು ಪಕ್ಕದ ಕುಂದಗೋಳದ ಸವಾಯಿ ಗಂಧರ್ವರ ಮನೆಯಲ್ಲಿ. ಆ ಹಟ ಅವರದೇ. ಕಂಠ ಅವರ ಜೊತೆಗೇ ಇತ್ತು. ಪಿಯಾನೋ ಹೊತ್ತುಕೊಂಡು ಯಾವ ಮಗುವೂ ರೈಲು ಹತ್ತಲಾರದು.

ತಡವಾಗಿ ಬಂದವರು ಇಲ್ಲವೇ ಇಲ್ಲವಾ ಅಂತ ಕೇಳುತ್ತೀರಿ. ಇದ್ದಾರೆ. ಪೋಲೆಂಡಿನ ಪಡೆರೆವ್ಸ್ಕಿ ಇಪ್ಪತ್ನಾಲ್ಕರ ಹತ್ತಿರ ವಿಯೆನ್ನಾದಲ್ಲಿ ಲೆಶೆಟಿಟ್ಸ್ಕಿ ಎಂಬ ಗುರುವಿನ ಬಳಿ ಬೆರಳು ಮೊದಲಿನಿಂದ ತಿದ್ದಿಸಿಕೊಂಡರು. ಲೋಕಪ್ರಸಿದ್ಧರಾದರು, 1919ರಲ್ಲಿ ತಮ್ಮ ದೇಶದ ಪ್ರಧಾನಿಯೂ ಆದರು. ರಷ್ಯಾದ ರಿಕ್ಟರ್ ಮಾಸ್ಕೋಗೆ ಗುರುವನ್ನು ಹುಡುಕಿಕೊಂಡು ಹೋದದ್ದು 1937ರಲ್ಲಿ, ಇಪ್ಪತ್ತೆರಡಕ್ಕೆ. ಆದರೆ ಪಡೆರೆವ್ಸ್ಕಿ ಅದಕ್ಕೆ ಮೊದಲೇ ವಾರ್ಸಾದಲ್ಲಿ ಕಲಿತು ಕಲಿಸಿದವರು. ರಿಕ್ಟರ್ ಹದಿಹರೆಯದಲ್ಲೇ ಒಡೆಸ್ಸಾದ ಒಪೆರಾ ಕಂಪನಿಯಲ್ಲಿ ಗಾಯಕರಿಗೆ ಪಿಯಾನೋ ಸಾಥ್ ಕೊಡುತ್ತಿದ್ದವರು. ನಮ್ಮ ನಾಟಕ ಕಂಪನಿಯ ಪೇಟಿ ಮಾಸ್ತರ ಇದ್ದ ಹಾಗೆ. ತಡ ಅಂದರೆ ಗುರು ತಡ, ಕೈ ತಡ ಅಲ್ಲ.

ಗುರು ಅಂದಾಗ ನಮಗೆ ಘರಾಣೆ ನೆನಪಾಗುತ್ತದೆ. ಅವರಲ್ಲೂ ಇದೆ, ಹೆಸರು ಮಾತ್ರ ಹಾಗಿಲ್ಲ. ಬೀಥೋವನ್ ಶಿಷ್ಯ ಚೆರ್ನಿ. ಚೆರ್ನಿಯ ಶಿಷ್ಯರು ಲಿಸ್ಟ್ ಮತ್ತು ಈಗ ಹೇಳಿದ ಲೆಶೆಟಿಟ್ಸ್ಕಿ. ಲೆಶೆಟಿಟ್ಸ್ಕಿಯ ಶಿಷ್ಯ ಶ್ನಾಬೆಲ್, ಶ್ನಾಬೆಲ್ ಶಿಷ್ಯ ಅಮೆರಿಕದ ಲಿಯಾನ್ ಫ್ಲೈಷರ್. ಫ್ಲೈಷರ್ ತೀರಿಕೊಂಡದ್ದು 2020ರಲ್ಲಿ. ಬೀಥೋವನ್‌ನಿಂದ ಕೊರೊನಾ ಕಾಲದವರೆಗೆ ಐದೇ ತಲೆ! ಗಂಟಲಿನಿಂದ ಗಂಟಲಿಗೆ ಬಂದದ್ದು ನಮ್ಮದು, ಬೆರಳಿನಿಂದ ಬೆರಳಿಗೆ ಬಂದದ್ದು ಅವರದು. ಲಿಸ್ಟ್ ಅಂತೂ ಜರ್ಮನಿಯ ವೈಮಾರ್‌ನಲ್ಲಿ ಶಿಷ್ಯರಿಂದ ಫೀ ತೆಗೆದುಕೊಳ್ಳುತ್ತಿರಲಿಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1924ರಲ್ಲಿ ಶುರುವಾದ ಕರ್ಟಿಸ್ ಸಂಸ್ಥೆ ಕೂಡ 1928ರಿಂದ ಬೋಧನಾ ಶುಲ್ಕ ತೆಗೆದುಕೊಳ್ಳುತ್ತಿಲ್ಲ. ಪ್ರವೇಶ ಸಿಗುವುದು ಮಾತ್ರ ಐಐಟಿಗಿಂತ ಸಲೀಸು ಅಂತ ತಿಳಿಯಬೇಡಿ. ಎಲ್ಲಾ ವಾದ್ಯ, ಗಾಯನ ಸೇರಿಸಿದರೂ ಇನ್ನೂರು ವಿದ್ಯಾರ್ಥಿಗಳಿಲ್ಲ.

ಕಲಿತಾಯಿತು. ಇನ್ನು ವೇದಿಕೆ ಹತ್ತುವುದು ಹೇಗೆ? ರಾಜಮಾರ್ಗ ಅಂದರೆ ಸ್ಪರ್ಧೆ. ವಾರ್ಸಾದ ಶೋಪಾನ್ ಸ್ಪರ್ಧೆ 1927ರಲ್ಲಿ ಶುರುವಾದದ್ದು, ಈಗ ಐದು ವರ್ಷಕ್ಕೊಮ್ಮೆ ನಡೆಯುತ್ತದೆ. ಮಾಸ್ಕೋದ ಚೈಕೋವ್ಸ್ಕಿ ಸ್ಪರ್ಧೆ 1958ರಿಂದ. ಆ ಮೊದಲ ವರ್ಷವೇ ಗಮ್ಮತ್ತು ನಡೆಯಿತು. ಅಮೆರಿಕ ರಷ್ಯಾ ಹಲ್ಲು ಕಡಿಯುತ್ತಿದ್ದ ಕಾಲ. ಟೆಕ್ಸಾಸ್‌ನಲ್ಲಿ ಬೆಳೆದ ವ್ಯಾನ್ ಕ್ಲೈಬರ್ನ್, ಇಪ್ಪತ್ಮೂರು ವರ್ಷದ ಹುಡುಗ, ಮಾಸ್ಕೋದಲ್ಲೇ ಗೆದ್ದುಬಿಟ್ಟ. ಬಹುಮಾನ ಕೊಡಬಹುದಾ ಅಂತ ಆಗಿನ ರಷ್ಯಾದ ನಾಯಕ ಖ್ರುಶ್ಚೇವ್‌ರನ್ನೇ ಕೇಳಿದರಂತೆ. ಅವನೇ ಶ್ರೇಷ್ಠನಾ, ಹಾಗಾದರೆ ಕೊಡಿ ಅಂದರಂತೆ. ಊರಿಗೆ ಬಂದಾಗ ನ್ಯೂಯಾರ್ಕ್‌ನಲ್ಲಿ ಕಾಗದದ ಚೂರು ಸುರಿದು ಮೆರವಣಿಗೆ. ಆಮೇಲೆ? ಜನ ಪ್ರತಿ ಊರಿನಲ್ಲೂ ಅದೇ ಚೈಕೋವ್ಸ್ಕಿ ಕೃತಿ ಕೇಳಿದರು. ಅದೇ ಕೃತಿ, ಮತ್ತೆ ಅದೇ ಕೃತಿ. 1978ರಲ್ಲಿ, ನಲವತ್ನಾಲ್ಕಕ್ಕೆ, ಕಛೇರಿ ನಿಲ್ಲಿಸಿದರು. ಅವರ ಮೊದಲ ಗುರು ಸ್ವಂತ ತಾಯಿ. ಆ ತಾಯಿಯ ಗುರು ಲಿಸ್ಟ್ ಶಿಷ್ಯ. ನೋಡಿ, ಘರಾಣೆ ಎಲ್ಲಿಂದ ಎಲ್ಲಿಗೆ ಹೋಗಿ ಕೂತಿದೆ!

ಸ್ಪರ್ಧೆಯಲ್ಲಿ ಸೋತು ಗೆದ್ದವರೂ ಇದ್ದಾರೆ. 1980ರಲ್ಲಿ ವಾರ್ಸಾದಲ್ಲಿ ಇವೊ ಪೊಗೊರೆಲಿಚ್ ಎಂಬ ಯುವಕನನ್ನು ಫೈನಲ್‌ಗೆ ಬಿಡಲಿಲ್ಲ. ತೀರ್ಪುಗಾರರಲ್ಲಿ ಒಬ್ಬರಾಗಿದ್ದ ಮಾರ್ತಾ ಅರ್ಗೆರಿಚ್ ಸಿಟ್ಟಾಗಿ ಎದ್ದು ಹೋದರು. ಆ ಗಲಾಟೆಯಿಂದಲೇ ಆತ ಮನೆಮಾತಾದ. ಪಾಪ, ಆ ವರ್ಷ ನಿಜವಾಗಿ ಗೆದ್ದವರು ಯಾರು ಅಂತ ಜನ ಕೇಳುವುದನ್ನೇ ಮರೆತರು. ಗೆದ್ದವರು ವಿಯೆಟ್ನಾಂನ ಡಾಂಗ್ ಥಾಯ್ ಸೊನ್, ಆ ಸ್ಪರ್ಧೆ ಗೆದ್ದ ಮೊದಲ ಏಷ್ಯಾದವರು. ಬಾಲ್ಯದಲ್ಲಿ ಹನೋಯ್ ಮೇಲೆ ಬಾಂಬ್ ಬೀಳುತ್ತಿದ್ದಾಗ ಹಳ್ಳಿಗಾಡಿಗೆ ಹೋಗಿ ಅಲ್ಲಿ ಕಲಿತವರು. 2021ರಲ್ಲಿ ಅದೇ ಸ್ಪರ್ಧೆ ಗೆದ್ದ ಬ್ರೂಸ್ ಲಿಯು ಇವರ ಶಿಷ್ಯ. ಇದನ್ನು ಮೆಚ್ಚದೆ ಹೇಗೆ ಇರುವುದು.

ಎರಡನೇ ದಾರಿ ನನಗೆ ಹೆಚ್ಚು ಇಷ್ಟ. ಬದಲಿ ಆಟಗಾರನ ದಾರಿ. 1963ರ ಜನವರಿ ಕೊನೆಯಲ್ಲಿ ನ್ಯೂಯಾರ್ಕ್‌ನಲ್ಲಿ ಕೆನಡಾದ ಹೆಸರಾಂತ ವಾದಕ ಗ್ಲೆನ್ ಗೂಲ್ಡ್ ನುಡಿಸಬೇಕಿತ್ತು. ಆರೋಗ್ಯ ಸರಿ ಇಲ್ಲ ಅಂದರು. ವಾದ್ಯವೃಂದ ನಡೆಸುತ್ತಿದ್ದ ಬರ್ನ್‌ಸ್ಟೀನ್ ಹದಿನಾರು ವರ್ಷದ ಆಂಡ್ರೆ ವಾಟ್ಸ್‌ನನ್ನು ಕೂರಿಸಿದರು. ಆ ರಾತ್ರಿಯಿಂದ ವಾಟ್ಸ್ ದೊಡ್ಡ ಕಲಾವಿದ. ಮೂವತ್ತಾರು ವರ್ಷ ಬಿಟ್ಟು, 1999ರ ಬೇಸಿಗೆಯಲ್ಲಿ, ಶಿಕಾಗೋ ಹತ್ತಿರ ಅದೇ ವಾಟ್ಸ್ ನುಡಿಸಬೇಕಿತ್ತು. ಅವರಿಗೂ ಆರೋಗ್ಯ ಕೆಟ್ಟಿತು. ಬದಲಿಗೆ ಬಂದದ್ದು ಹದಿನೇಳರ ಲಾಂಗ್ ಲಾಂಗ್! ಆ ರಾತ್ರಿಯಿಂದ ಅವರು ದೊಡ್ಡ ಕಲಾವಿದ. ಅದೃಷ್ಟ ಅಂತ ಹೇಳುವುದು ಸುಲಭ. ಆದರೆ ಫೋನ್ ಬಂದ ಹೊತ್ತಿಗೆ ಅರ್ಧ ತಾಸಿನ ಕೃತಿ ಬೆರಳ ತುದಿಯಲ್ಲಿ ಇರಬೇಕು. ಎದುರಿಗೆ ಎಂಬತ್ತು ತೊಂಬತ್ತು ಜನರ ವಾದ್ಯವೃಂದ. ಪೂರ್ವಾಭ್ಯಾಸ ಒಂದು ಸಲ ಸಿಕ್ಕರೆ ಪುಣ್ಯ.

ಇನ್ನು ದಿನದ ಬದುಕು. ಪಿಟೀಲಿನವರು ಪಿಟೀಲು ಹಿಡಿದು ವಿಮಾನ ಹತ್ತುತ್ತಾರೆ. ತಬಲಾದವರು ಗೊಣಗುತ್ತಲೇ ಆದರೂ ತಬಲಾ ಹೊತ್ತು ಹೋಗುತ್ತಾರೆ. ದೊಡ್ಡ ಕಛೇರಿ ಪಿಯಾನೋ ಒಂಬತ್ತು ಅಡಿ ಉದ್ದ, ಹತ್ತಿರ ಹತ್ತಿರ ಐದು ಕ್ವಿಂಟಾಲ್. ಹಾಗಾಗಿ ವಾದಕ ಪ್ರತಿ ಊರಿನಲ್ಲೂ ಬೇರೆಯವರ ವಾದ್ಯ ನುಡಿಸಬೇಕು. ಬೆಳಿಗ್ಗೆ ಪರಿಚಯ, ರಾತ್ರಿ ಮದುವೆ. ಇವತ್ತಿನ ಪಿಯಾನೋ ಮನೆಗಳು ಭಾರ, ನಾಳೆಯದು ಹಗುರ. ಇದನ್ನು ತಡೆಯಲಾಗದೆ ಪೋಲೆಂಡಿನ ಜಿಮರ್‌ಮನ್ ತಮ್ಮದೇ ಪಿಯಾನೋ ಸಾಗಿಸಿಕೊಂಡು ತಿರುಗುತ್ತಿದ್ದರು. 2001ರ ಭಯೋತ್ಪಾದಕ ದಾಳಿಯ ಬಳಿಕ ನ್ಯೂಯಾರ್ಕ್ ವಿಮಾನ ನಿಲ್ದಾಣದಲ್ಲಿ, ಅಂಟಿನ ವಾಸನೆ ಅನುಮಾನ ತಂದಿತು ಅಂತ, ಅದನ್ನು ನಾಶ ಮಾಡಿದರು ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಗೂಲ್ಡ್ ಕನಿಷ್ಠ ಕುರ್ಚಿಯನ್ನಾದರೂ ಜೊತೆಗೆ ಒಯ್ಯುತ್ತಿದ್ದರು. ಅಪ್ಪ ಕಾಲು ಕತ್ತರಿಸಿ ಕುಳ್ಳಗೆ ಮಾಡಿಕೊಟ್ಟ ಮಡಚುವ ಕುರ್ಚಿ. ಸೀಟು ಹರಿದು ಬರೀ ಕಟ್ಟು ಉಳಿದರೂ ಬಿಡಲಿಲ್ಲ. ಕಛೇರಿಯನ್ನೇ ಬಿಟ್ಟರು, 1964ರಲ್ಲಿ, ಮೂವತ್ತೊಂದನೇ ವಯಸ್ಸಿಗೆ. ಆಮೇಲೆ ಧ್ವನಿಮುದ್ರಣ ಮಾತ್ರ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಸಂಭಾವನೆಯಲ್ಲಿ ಏಜೆಂಟರಿಗೆ ಸಾಮಾನ್ಯವಾಗಿ ಐದನೇ ಒಂದು ಪಾಲಿನ ಹತ್ತಿರ ಹೋಗುತ್ತದೆ. ಪ್ರಯಾಣ, ತೆರಿಗೆ ಬೇರೆ. ತಿಂಗಳ ಸಂಬಳ ಇಲ್ಲ, ರಜೆ ಇಲ್ಲ, ಜ್ವರ ಬಂದರೆ ಆ ರಾತ್ರಿಯ ದುಡ್ಡು ಇಲ್ಲ. ಬರೀ ಕಛೇರಿಯಿಂದಲೇ ಬದುಕುವವರು ಬಹಳ ಕಡಿಮೆ. ಹೆಸರು ಮಾಡಿದವರೂ ಕಲಿಸುತ್ತಾರೆ.

ಕೈಯ ವಿಷಯಕ್ಕೆ ಬರುತ್ತೇನೆ, ಇದನ್ನು ಬೇಗ ಮುಗಿಸುವುದಿಲ್ಲ. ಇಪ್ಪತ್ತಾರನೇ ವಯಸ್ಸಿಗೆ ನಾನು ಡಿಪ್ಲೊಮಾ ಪರೀಕ್ಷೆಗೆ ಕಟ್ಟಿದೆ. ಬೇರೆ ಊರಿನ ಒಬ್ಬ ಶಿಕ್ಷಕರ ಬಳಿ ಹೋಗುತ್ತಿದ್ದೆ. ದಿನಕ್ಕೆ ಆರು ತಾಸು ನುಡಿಸುತ್ತಿದ್ದೆ. ಮುಂಗೈ ನೋಯತೊಡಗಿತು. ಅವರಿಗೆ ಹೇಳಿದರೆ, “ನೋವು ಬರಲಿ ಬಿಡು, ನೋವು ದಾಟಿದ ಮೇಲೆ ಕೈ ಬರುತ್ತದೆ” ಎಂದರು. ನಾನು ನಂಬಿದೆ. ಒಂದು ಬೆಳಿಗ್ಗೆ ಚಹಾದ ಕಪ್ಪು ಎತ್ತಲು ಆಗಲಿಲ್ಲ. ನೀರಿನ ಬಕೆಟ್ ಅಲ್ಲ, ಚಹಾದ ಕಪ್ಪು. ಎಂಟು ತಿಂಗಳು ವಾದ್ಯ ಮುಟ್ಟಲಿಲ್ಲ. ಪರೀಕ್ಷೆಯ ಫೀ ಹೋಯಿತು. ಅದಕ್ಕಿಂತ ಜಾಸ್ತಿ, ಆ ವಯಸ್ಸಿನ ಧೈರ್ಯ ಹೋಯಿತು. ಇಲ್ಲಿ ಕೂತ ಮಕ್ಕಳೇ, ಯಾವ ಗುರು ನೋವನ್ನು ತಡೆದುಕೋ ಅಂದರೂ ಕೇಳಬೇಡಿ. ನಾನು ಹೇಳಿದರೂ ಕೇಳಬೇಡಿ.

ಇದು ಸಣ್ಣವರಿಗೆ ಮಾತ್ರ ಆಗುವುದಲ್ಲ. ರಾಬರ್ಟ್ ಶುಮನ್‌ರಿಗೆ ಇಪ್ಪತ್ತರ ಆಸುಪಾಸಿನಲ್ಲೇ ಬಲಗೈ ಬೆರಳು ಕೈಕೊಟ್ಟಿತು. ವಾದಕರಾಗುವ ಆಸೆ ಬಿಟ್ಟು ಬರೆಯಲು ಕೂತರು. ಬೀಥೋವನ್ ಘರಾಣೆಯ ಕೊನೆಯ ಹೆಸರು ಅಂತ ಹೇಳಿದೆನಲ್ಲ, ಫ್ಲೈಷರ್, ಅವರಿಗೆ 1960ರ ದಶಕದಲ್ಲಿ ಬಲಗೈಯ ಎರಡು ಬೆರಳು ತಾವಾಗಿ ಒಳಗೆ ಮಡಚಿಕೊಳ್ಳತೊಡಗಿದವು. ಸ್ನಾಯು ಸರಿ ಇದೆ, ಮಿದುಳಿನ ಆಜ್ಞೆ ತಪ್ಪುತ್ತಿದೆ. ಮೂವತ್ತು ವರ್ಷ ಎಡಗೈ ಒಂದರಲ್ಲೇ ನುಡಿಸಿದರು, ಕಲಿಸಿದರು. 1990ರ ದಶಕದಲ್ಲಿ ಚಿಕಿತ್ಸೆ ಪಡೆದು ಎರಡೂ ಕೈಗೆ ಮರಳಿದರು. ಲಾಂಗ್ ಲಾಂಗ್‌ಗೆ ಕರ್ಟಿಸ್‌ನಲ್ಲಿ ಕಲಿಸಿದ ಗ್ಯಾರಿ ಗ್ರಾಫ್‌ಮನ್ ಅವರದೂ ಇದೇ ಗೋಳು, ಬಲಗೈ ಹೋದ ಮೇಲೆಯೇ ಅವರು ಪೂರ್ತಿ ಗುರುವಾದದ್ದು. ಬರೀ ಎಡಗೈಗೆ ಏನು ಸಂಗೀತ ಇರುತ್ತದೆ ಅಂತೀರಾ? ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಾಲ್ ವಿಟ್ಗೆನ್‌ಸ್ಟೈನ್ ದೊಡ್ಡ ದೊಡ್ಡವರ ಕೈಯಲ್ಲಿ ಎಡಗೈಗಾಗಿಯೇ ಬರೆಸಿದರು. ರವೇಲ್ ಬರೆದ ಕನ್ಸರ್ಟೋ (ವಾದ್ಯವೃಂದದ ಜೊತೆ ಒಬ್ಬ ಮುಖ್ಯ ವಾದಕ ನುಡಿಸುವ ಕೃತಿ) 1932ರಲ್ಲಿ ವಿಯೆನ್ನಾದಲ್ಲಿ ಮೊದಲ ಸಲ ಕೇಳಿಸಿತು. ಮನೆಗೆ ಹೋಗಿ ಯೂಟ್ಯೂಬ್‌ನಲ್ಲಿ ಕೇಳಿ. ಕಣ್ಣು ಮುಚ್ಚಿದರೆ ಒಂದೇ ಕೈ ಅಂತ ಗೊತ್ತಾಗುವುದಿಲ್ಲ. ನನ್ನ ಎಡಗೈಗೆ ಅದನ್ನು ಕೇಳಿಸಲು ನಾಚಿಕೆಯಾಗುತ್ತದೆ.

ನಮ್ಮ ನಾಡಿನವರು ಯಾರೂ ಇಲ್ಲವಾ? ಒಬ್ಬರಿದ್ದರು, ಹೆಸರು ಕೇಳಿದರೆ ಬೆರಗಾಗುತ್ತೀರಿ. ಜಯಚಾಮರಾಜ ಒಡೆಯರ್. ನಮ್ಮ ಅಜ್ಜ ಇದ್ದಿದ್ದರೆ ಅವರು ಮೈಸೂರಿನವರ ರಾಜರು, ನಾವು ಮುಂಬೈ ಇಲಾಖೆಯವರು ಅನ್ನುತ್ತಿದ್ದರು. ಇರಲಿ, 1956ರಲ್ಲಿ ಒಂದಾಗಿದ್ದೇವಲ್ಲ. ಅವರಿಗೆ ಕಛೇರಿ ಪಿಯಾನೋ ವಾದಕರಾಗುವ ಆಸೆ ಇತ್ತು. ಆದರೆ 1940ರಲ್ಲಿ ತಂದೆ ಹೋದರು, ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಹೋದರು. ಇಪ್ಪತ್ತೊಂದನೇ ವಯಸ್ಸಿಗೆ ಸಿಂಹಾಸನ. ಪಿಯಾನೋದ ಆಸೆ ಅಲ್ಲಿಗೆ ನಿಂತಿತು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಬಂದದ್ದು ಆಮೇಲೆ.

ತಾನು ನುಡಿಸಲಾಗದಿದ್ದರೆ ಏನಂತೆ, ನುಡಿಸುವವರನ್ನು ಉಳಿಸಿದರು. ನಿಕೊಲಾಯ್ ಮೆಟ್ನರ್ ಅಂತ ರಷ್ಯಾದ ವಾದಕ, ರಚನೆಕಾರ. ಲಂಡನ್ನಿನಲ್ಲಿ ವಯಸ್ಸಾಗಿ, ಕಾಯಿಲೆ ಬಿದ್ದು, ಮರೆತುಹೋಗಿದ್ದರು. ಮಹಾರಾಜರು ಎಲ್ಲಿಂದಲೋ ಅವರ ಸಂಗೀತ ಕೇಳಿ ಮೆಚ್ಚಿ, ದುಡ್ಡು ಕೊಟ್ಟು ಅವರ ಕೃತಿಗಳನ್ನು ಅವರ ಕೈಯಲ್ಲೇ ರೆಕಾರ್ಡ್ ಮಾಡಿಸಿದರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಸರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. ಅಚ್ಚಾದ ಹಾಳೆಯ ಮೇಲೆ ಇವತ್ತಿಗೂ ಆ ಹೆಸರಿದೆ. ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಗೀತೆಗಳು ಮೊದಲ ಸಲ ಲಂಡನ್ನಿನಲ್ಲಿ ಕೇಳಿಸಿದ್ದು 1950ರಲ್ಲಿ. ಆ ಕಛೇರಿಯ ಖರ್ಚಿಗೆ ಬೆನ್ನಾಗಿ ನಿಂತವರೂ ಇವರೇ. ಇತ್ತ ಶ್ರೀವಿದ್ಯಾ ಅಂಕಿತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೀರ್ತನೆ ಕಟ್ಟಿದರು. ಪಿಯಾನೋ ಕಲಿತ ಕೈ ಎಲ್ಲಿಗೆ ಬೇಕಾದರೂ ಹೋಗಿ ಕೆಲಸ ಮಾಡಬಹುದು ಅನ್ನುವುದಕ್ಕೆ ನನಗೆ ಇವರಿಗಿಂತ ಒಳ್ಳೆ ಉದಾಹರಣೆ ಸಿಕ್ಕಿಲ್ಲ.

ಕುಂದಾ ತಂದ ತಾಯಿಗೆ ನನ್ನ ಉತ್ತರ ಇದು. ಗ್ರೇಡ್ ಎಂಟು ಆದ ಮೇಲೆ ದೊಡ್ಡ ಪ್ರೋಗ್ರಾಂ ಸಿಗುವುದಿಲ್ಲ. ಆದರೆ ಯಾವ ಹಾಳೆ ಕೊಟ್ಟರೂ ಓದಿ ನುಡಿಸುವ ಕೈ ಸಿಗುತ್ತದೆ. ಆ ಕೈ ಕಲಿಸಬಹುದು, ಚರ್ಚಿನಲ್ಲಿ ನುಡಿಸಬಹುದು, ಸಿನಿಮಾ ಸಂಗೀತದ ಸ್ಟುಡಿಯೋಗೆ ಹೋಗಬಹುದು, ಗಾಯಕರಿಗೆ ಸಾಥ್ ಕೊಡಬಹುದು. ಸಾಥ್ ಅಂದರೆ ಎರಡನೇ ದರ್ಜೆ ಅಂತ ಮೂಗು ಮುರಿಯುವವರು ಬೆಳಗಾವಿಯಲ್ಲಿ ಇರಬಾರದು. ಪಂಡಿತ ರಾಮಭಾವು ಬಿಜಾಪುರೆಯವರು (1917–2010) ಬಾಳಿದ ಊರು ಇದು. ಹಾರ್ಮೋನಿಯಂ ಅನ್ನು ರೇಡಿಯೋದಿಂದ 1940ರಲ್ಲಿ ಹೊರಗೆ ಹಾಕಿದ್ದರು, ಮೂವತ್ತು ವರ್ಷ ಒಳಗೆ ಬಿಡಲಿಲ್ಲ. ಅಂಥ ವಾದ್ಯ ಹಿಡಿದುಕೊಂಡು ಅವರು ದೊಡ್ಡ ದೊಡ್ಡ ಗಾಯಕರ ಪಕ್ಕ ಕೂತರು. ಗಾಯಕರು ಉಸಿರು ಎಳೆದುಕೊಳ್ಳುವ ಸಂದಿನಲ್ಲಿ ಅವರ ಬೆರಳು ಏನು ಹೇಳುತ್ತದೆ ಅಂತ ಕೇಳಲಿಕ್ಕೇ ಜನ ಬರುತ್ತಿದ್ದರು.

ಮಗಳಿಗೆ ದಿನಕ್ಕೆ ನಾಲ್ಕು ತಾಸು ಕೂರಿಸಬೇಕಾ ಅಂದರೆ, ಅವಳನ್ನೇ ಕೇಳಿ. ಅವಳಿಗೆ ಈಗ ಹನ್ನೊಂದು. ಉತ್ತರ ಹೇಳುವಷ್ಟು ದೊಡ್ಡವಳು.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು, ಪಿಯಾನೋ ಕೊಳ್ಳುವ ಶಕ್ತಿ ಇಲ್ಲ, ಕೀಬೋರ್ಡ್ ಸಾಕಾ? ಮೊದಲ ವರ್ಷ ಸಾಕು. ಆಮೇಲೆ 88 ಮನೆ ಇರುವ, ಒತ್ತಿದಾಗ ಬೆರಳಿಗೆ ತೂಕ ಸಿಗುವ ಡಿಜಿಟಲ್ ಪಿಯಾನೋ ಬೇಕು. ಹಗುರ ಮನೆಯ ಮೇಲೆ ಕಲಿತ ಬೆರಳು ನಿಜವಾದ ಪಿಯಾನೋ ಮುಂದೆ ಕೆಸರಲ್ಲಿ ಇಳಿದ ಕಾಲಿನ ಹಾಗೆ ಆಗುತ್ತದೆ. ಬೆಳಗಾವಿಯಲ್ಲಿ ಡಿಜಿಟಲ್‌ಗೆ ಇನ್ನೊಂದು ಲಾಭ ಇದೆ, ಬಲ್ಬ್ ಕಟ್ಟಬೇಕಾಗಿಲ್ಲ.

ಕೊನೆಗೆ ಮುಂದಿನ ಸಾಲಿನ ಒಬ್ಬ ಸಣ್ಣ ಹುಡುಗಿ ಕೈ ಎತ್ತಿದಳು. “ಸರ್, ದೊಡ್ಡವರಿಗೆ ನಡುವೆ ಮರೆತುಹೋದರೆ ಏನು ಮಾಡ್ತಾರೆ?”

ಒಳ್ಳೆ ಪ್ರಶ್ನೆ. ಅವರಿಗೂ ಮರೆಯುತ್ತದೆ. ರಿಕ್ಟರ್ ವಯಸ್ಸಾದ ಮೇಲೆ ಪುಸ್ತಕ ಎದುರಿಗೆ ಇಟ್ಟುಕೊಂಡೇ ನುಡಿಸುತ್ತಿದ್ದರು. ಸಭಾಂಗಣ ಕತ್ತಲೆ, ಹಾಳೆಯ ಮೇಲೆ ಒಂದು ಸಣ್ಣ ದೀಪ. ಪೋರ್ಚುಗಲ್‌ನ ಮರಿಯಾ ಜುವಾವ್ ಪಿರೆಸ್ ಅವರಿಗೆ ಇನ್ನೂ ವಿಚಿತ್ರ ಆಯಿತು. ಆಮ್‌ಸ್ಟರ್‌ಡ್ಯಾಂನಲ್ಲಿ ಮಧ್ಯಾಹ್ನದ ಕಛೇರಿ. ವಾದ್ಯವೃಂದ ಶುರು ಮಾಡಿತು. ಅವರು ತಯಾರಾಗಿ ಬಂದದ್ದು ಮೊಜಾರ್ಟ್‌ನ ಬೇರೆ ಕನ್ಸರ್ಟೋಗೆ! ಮುಖ ಕೆಳಗೆ ಹಾಕಿ ಕೂತಿದ್ದಾರೆ, ವೀಡಿಯೋ ಇದೆ. ವಾದ್ಯವೃಂದ ನಡೆಸುತ್ತಿದ್ದ ರಿಕಾರ್ಡೊ ಶಾಯಿ ಎಂಬವರು ಕೈ ಬೀಸುತ್ತಲೇ, ನಿಮಗೆ ಬರುತ್ತದೆ, ಹೋದ ಸಲ ನುಡಿಸಿದ್ದೀರಲ್ಲ ಅಂತ ನಗುತ್ತಾ ಹೇಳಿದರು. ತಮ್ಮ ಸರದಿ ಬರುವವರೆಗೆ ಅವರಿಗೆ ಸಿಕ್ಕಿದ್ದು ಎರಡೂವರೆ ನಿಮಿಷದಷ್ಟು. ಸರದಿ ಬಂತು, ನುಡಿಸಿದರು.

ಅವರೆಲ್ಲ ಒಂದು ಉಪಾಯ ಮಾಡುತ್ತಾರೆ. ಕೃತಿಯಲ್ಲಿ ಅಲ್ಲಲ್ಲಿ ನಿಲ್ದಾಣ ಗುರುತು ಹಾಕಿಕೊಳ್ಳುತ್ತಾರೆ. ಯಾವ ನಿಲ್ದಾಣದಿಂದ ಬೇಕಾದರೂ ಶುರು ಮಾಡಲು ಬರಬೇಕು. ನಡುವೆ ಬಸ್ ತಪ್ಪಿದರೆ ಮುಂದಿನ ನಿಲ್ದಾಣಕ್ಕೆ ಹಾರಬಹುದು. ಮೊದಲಿನಿಂದ ಮಾತ್ರ ಬರುವವರಿಗೆ ಇದು ಆಗುವುದಿಲ್ಲ.

ಹುಡುಗಿ ಸ್ವಲ್ಪ ಯೋಚಿಸಿ, “ನನಗೆ ಯಾವಾಗಲೂ ಎರಡನೇ ಪುಟದಲ್ಲೇ ಮರೀತದ ರಿ” ಎಂದಳು.

ಅಭ್ಯಾಸ ಎಲ್ಲಿಂದ ಶುರು ಮಾಡ್ತೀಯಾ ಎಂದೆ. ಮೊದಲನೇ ಪುಟದಿಂದ ಎಂದಳು. ನಾಳೆಯಿಂದ ಕೊನೇ ಪುಟದಿಂದ ಶುರು ಮಾಡು, ಮೊದಲನೇ ಪುಟ ಭಾನುವಾರ ನೋಡು ಎಂದೆ. ಅವಳು ಪಕ್ಕದಲ್ಲಿದ್ದ ಅಮ್ಮನ ಪೆನ್ನು ಇಸಕೊಂಡು ಅಂಗೈ ಮೇಲೆ ಏನೋ ಬರೆದುಕೊಂಡಳು.